ದೀಪ ಉರಿದರೆ ಸಾಲದು

(ಬಾನುಲಿ ಭಾಷಣ)

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ಪದ್ಯದ ಮಾತ್ರೆಗಳನ್ನು ಎಣಿಸಬಲ್ಲೆನೇ ಹೊರತು ವಿದ್ಯುತ್ತಿನ ಆಂಪಿಯರುಗಳನ್ನು ಎಣಿಸಿ ಅಭ್ಯಾಸವಿಲ್ಲ. ಇಂಥವನು ಇಂದು ಮೋಟಾರುಮನೆಯ ವಿದ್ಯುತ್ ಜೋಡಣೆಯನ್ನೂ ಅದರ ಬ್ಯಾಟರಿಯನ್ನೂ ಕುರಿತು ಮಾತನಾಡುತ್ತಾನೆಂದರೆ ಕೇಳುಗರಿಗೆ ಸೋಜಿಗವಾದೀತು. 2019ರ ಮೇ ತಿಂಗಳಿನಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ನಡೆದ ಒಂದು ಸಂಗತಿ ಇದಕ್ಕೆ ಕಾರಣ. ಆ ಒಂದು ವಾರದಲ್ಲಿ ನಾನು ಕಲಿತದ್ದು ಅಲ್ಲಿಯ ಗಾಡಿಗಷ್ಟೇ ಸಂಬಂಧಿಸಿದ್ದಲ್ಲ; ಇಲ್ಲಿಯ ನಮ್ಮ ಬಚ್ಚಲುಮನೆಗೂ ಇನ್ವರ್ಟರಿಗೂ ಸಂಬಂಧಿಸಿದ್ದು. ಆದುದರಿಂದಲೇ ಅದನ್ನು ತಮ್ಮ ಮುಂದಿಡುವ ಧೈರ್ಯ ಮಾಡಿದ್ದೇನೆ.

ಮೋಟಾರುಮನೆ ಎಂದರೆ ಬಸ್ಸಿನ ಗಾತ್ರದ ಗಾಡಿಯೊಳಗೆ ಕಟ್ಟಿದ ಒಂದು ಪುಟ್ಟ ಸಂಸಾರ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ತಂಗಳುಪೆಟ್ಟಿಗೆ, ಸ್ನಾನದ ಕೋಣೆ, ಬಿಸಿನೀರಿನ ತೊಟ್ಟಿ, ಚಳಿಗೆ ಬೆಚ್ಚನೆಯ ಗಾಳಿ ಊದುವ ಕುಲುಮೆ, ಸೆಖೆಗೆ ಮೇಲ್ಛಾವಣಿಯ ಮೇಲೊಂದು ಹವಾನಿಯಂತ್ರಕ, ಎಲ್ಲವೂ ಅದರಲ್ಲಿರುತ್ತವೆ. ಅಲ್ಲಿಯವರು ಬೇಸಗೆಯಲ್ಲಿ ಮನೆಮಂದಿಯೆಲ್ಲ ಇದರಲ್ಲಿ ಕುಳಿತು ಕಾಡು ಕೆರೆಗಳನ್ನು ನೋಡಲು ಹೊರಡುತ್ತಾರೆ. ನನ್ನ ಅಳಿಯಂದಿರು ಹಿಂದಿನ ವರ್ಷ ಹಳೆಯ ಗಾಡಿಯೊಂದನ್ನು ಕೊಂಡಿದ್ದರು. ನಾವಿಬ್ಬರೂ ಹೋಗಿದ್ದ ನೆಪದಲ್ಲಿ ಸುಪೀರಿಯರ್ ಸರೋವರದ ಕಡೆಗೊಂದು ಪ್ರವಾಸ ಗೊತ್ತಾಗಿತ್ತು. ಅದಕ್ಕೆ ಮುಂಚೆ, ಚಳಿಗಾಲವೆಲ್ಲ ಮಲಗಿದ್ದ ಗಾಡಿಯನ್ನು ಎಬ್ಬಿಸಿ ಸಿದ್ಧಪಡಿಸಬೇಕಿತ್ತು. ಮನೆಯ ಮುಂದೆ ಅದನ್ನು ತಂದು ನಿಲ್ಲಿಸಿ, ಮನೆಯ ವಿದ್ಯುತ್ತಿಗೆ ಜೋಡಿಸಿ, ಬ್ಯಾಟರಿ ತುಂಬಿಸುವ ಕೆಲಸ ಮೊದಲಾಯಿತು.

ಮುಂದಿನ ಕಥೆ ತಿಳಿಯಬೇಕಾದರೆ ಒಂದು ಮಾತನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ಗಾಡಿಯೊಳಗೆ ಎರಡು ಬಗೆಯ ವಿದ್ಯುತ್ತು ಹರಿಯುತ್ತದೆ. ಒಂದು, ಹೊರಗಿನ ಸಾಕೆಟ್ಟಿನಿಂದ ದಪ್ಪನೆಯ ಕೇಬಲ್ಲಿನ ಮೂಲಕ ಬರುವ 120 ವೋಲ್ಟಿನ ಪರ್ಯಾಯ ವಿದ್ಯುತ್ತು. ನಮ್ಮಲ್ಲಿ 230 ವೋಲ್ಟು, ಅಲ್ಲಿ 120. ಹವಾನಿಯಂತ್ರಕ, ಮೈಕ್ರೋವೇವ್ ಒಲೆ, ಬಿಸಿನೀರಿನ ವಿದ್ಯುತ್ ಎಲಿಮೆಂಟು, ಇವಕ್ಕೆ ಬೇಕಾದದ್ದು ಇದು. ಇನ್ನೊಂದು, ಬ್ಯಾಟರಿಯಿಂದ ಬರುವ 12 ವೋಲ್ಟಿನ ನೇರ ವಿದ್ಯುತ್ತು. ದೀಪಗಳು, ನೀರಿನ ಪಂಪು, ಕುಲುಮೆಯ ಫ್ಯಾನು ನಡೆಯುವುದು ಇದರಿಂದ. ಗಾಡಿಯ ಇಂಜಿನ್ನನ್ನು ಚಾಲೂ ಮಾಡುವ ಬ್ಯಾಟರಿ ಬೇರೆ, ಒಳಗಿನ ಸಂಸಾರಕ್ಕೆ ಮೀಸಲಾದ ಬ್ಯಾಟರಿ ಬೇರೆ. ನಾನು ಹೇಳುತ್ತಿರುವುದು ಎರಡನೆಯದನ್ನು.

ಈ ಎರಡು ವಿದ್ಯುತ್ತುಗಳಿಗೆ ನಂಟು ಕಲ್ಪಿಸುವ ಯಂತ್ರವೊಂದಿದೆ. ಅದಕ್ಕೆ ಕನ್ವರ್ಟರ್ ಎಂದು ಹೆಸರು. ಹೊರಗಿನಿಂದ ಬಂದ 120 ವೋಲ್ಟಿನ ವಿದ್ಯುತ್ತನ್ನು ತಗ್ಗಿಸಿ, ನೇರಗೊಳಿಸಿ, ಸುಮಾರು ಹದಿಮೂರೂವರೆ ವೋಲ್ಟಿನಲ್ಲಿ ಇತ್ತ ದೀಪ ಪಂಪುಗಳಿಗೆ ಕೊಡುತ್ತದೆ, ಅತ್ತ ಬ್ಯಾಟರಿಯನ್ನೂ ತುಂಬಿಸುತ್ತದೆ. ನಮ್ಮ ಮನೆಗಳಲ್ಲಿರುವ ಇನ್ವರ್ಟರ್ ಪೆಟ್ಟಿಗೆ ಎರಡು ಕೆಲಸ ಮಾಡುತ್ತದೆಯಷ್ಟೆ: ಕರೆಂಟು ಇದ್ದಾಗ ಬ್ಯಾಟರಿ ತುಂಬಿಸುವುದು, ಹೋದಾಗ ಬ್ಯಾಟರಿಯ ಶಕ್ತಿಯನ್ನು ಮನೆಯ ವಿದ್ಯುತ್ತಾಗಿ ಮಾರ್ಪಡಿಸುವುದು. ಕನ್ವರ್ಟರ್ ಆ ಮೊದಲನೆಯ ಕೆಲಸವನ್ನಷ್ಟೇ ಮಾಡತಕ್ಕದ್ದು.

ಇನ್ನು ಮನೆಯ ಸಾಕೆಟ್ಟಿನ ಯೋಗ್ಯತೆ. ನಮ್ಮ ಗಾಡಿಯ ಕೇಬಲ್ಲಿನ ತುದಿಯಲ್ಲಿದ್ದದ್ದು 30 ಆಂಪಿಯರಿನ ದೊಡ್ಡ ಪ್ಲಗ್ಗು. ಪ್ರವಾಸಿಗಳು ತಂಗುವ ಬಯಲುಗಳಲ್ಲಿ ಅದಕ್ಕೆ ತಕ್ಕ ಸಾಕೆಟ್ಟು ಕಂಬದ ಮೇಲೆಯೇ ಇರುತ್ತದೆ. ಅದರಿಂದ 3,600 ವ್ಯಾಟ್ ಪಡೆಯಬಹುದು. ಮನೆಗಳಲ್ಲಿರುವುದಾದರೋ 15 ಅಥವಾ 20 ಆಂಪಿಯರಿನ ಚಿಕ್ಕ ಸಾಕೆಟ್ಟು. ಹದಿನೈದು ಆಂಪಿಯರನ್ನು 120ರಿಂದ ಗುಣಿಸಿದರೆ 1,800 ವ್ಯಾಟು; ಗಂಟೆಗಟ್ಟಲೆ ಎಳೆಯುವುದಾದರೆ ಅದರಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಮಾತ್ರ, ಎಂದರೆ 1,440 ವ್ಯಾಟನ್ನು ಮಾತ್ರ ಬಳಸುವುದು ಕ್ಷೇಮ. ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಸೇರಿಸಲು ಅಡಾಪ್ಟರ್ ಸಿಗುತ್ತದೆ. ಅದು ಆಕಾರವನ್ನು ಹೊಂದಿಸುತ್ತದೆಯೇ ಹೊರತು ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಸೇರಿನ ಪಾತ್ರೆಗೆ ಕೊಳಗದ ಮುಚ್ಚಳವಿಟ್ಟರೆ ಅಕ್ಕಿ ಹೆಚ್ಚುವುದಿಲ್ಲವಲ್ಲ! ಬ್ಯಾಟರಿ ತುಂಬಿಸಲು, ದೀಪ ಹಚ್ಚಲು ಮನೆಯ ಸಾಕೆಟ್ಟು ಧಾರಾಳವಾಗಿ ಸಾಕು. ಅದರ ಮೇಲೆ ಹವಾನಿಯಂತ್ರಕವನ್ನೂ ಬಿಸಿನೀರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರು ಬೀಳುತ್ತದೆ. ತೆಳ್ಳನೆಯ ಉದ್ದನೆಯ ಎಕ್ಸ್‌ಟೆನ್ಷನ್ ವೈರು ಬಳಸಿದರಂತೂ ದಾರಿಯಲ್ಲೇ ವೋಲ್ಟೇಜು ಸೋರಿ, ವೈರು ಬಿಸಿಯಾಗಿ, ಪ್ಲಗ್ಗು ಕರಗುವವರೆಗೂ ಹೋಗಬಹುದು.

ಅಳಿಯಂದಿರಿಗೆ ಈ ಲೆಕ್ಕವೆಲ್ಲ ಗೊತ್ತಿತ್ತು. ಸ್ನಾನದ ತೊಟ್ಟಿಗೆ ನೀರು ತುಂಬಿಸಿ, ಕಾರು ನಿಲ್ಲಿಸುವ ಕೊಟ್ಟಿಗೆಯ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಜೋಡಿಸಿದರು. ಟಕ್ಕೆಂದು ಸಾಕೆಟ್ಟು ಟ್ರಿಪ್ ಆಯಿತು. ಗುಂಡಿ ಒತ್ತಿ ಮತ್ತೆ ಜೋಡಿಸಿದರು, ಮತ್ತೆ ಟಕ್ಕೆಂದಿತು. ಗಾಡಿಯೊಳಗೆ ಭಾರವಾದ ಉಪಕರಣ ಯಾವುದೂ ನಡೆಯುತ್ತಿರಲಿಲ್ಲ. “ಈ ಸಾಕೆಟ್ಟು ಬಹಳ ಸೂಕ್ಷ್ಮ ಮಾವ, ಸುಮ್ಮಸುಮ್ಮನೆ ಬೀಳುತ್ತದೆ” ಎಂದರು. ಮನೆ ಹಳೆಯದು. ಮುಂಗೋಣೆಯ ಕಿಟಕಿಯ ಪಕ್ಕದಲ್ಲಿ ಹಿಂದಿನ ಕಾಲದ ಎರಡು ತೂತಿನ ಸಾಕೆಟ್ಟೊಂದಿತ್ತು. ಮೂರು ಕಡ್ಡಿಯ ಪ್ಲಗ್ಗನ್ನು ಎರಡು ತೂತಿಗೆ ಹೊಂದಿಸುವ ಚಿಕ್ಕ ಸಾಧನವೂ ಮನೆಯಲ್ಲಿತ್ತು. ಕಿಟಕಿಯಿಂದ ವೈರು ತೂರಿಸಿ ಅಲ್ಲಿ ಜೋಡಿಸಿದರು. ಗಾಡಿಯ ದೀಪಗಳೆಲ್ಲ ಉರಿದವು, ಮೈಕ್ರೋವೇವ್ ಒಲೆಯ ಗಡಿಯಾರ ಮಿನುಗಿತು, ಟ್ರಿಪ್ ಎಂಬ ಮಾತೇ ಇಲ್ಲ. ನಾವೆಲ್ಲರೂ ಸಮಸ್ಯೆ ಬಗೆಹರಿಯಿತೆಂದು ಸಂತೋಷಪಟ್ಟೆವು.

ಅಂದು ಸಂಜೆ ಆರು ವರ್ಷದ ಮೊಮ್ಮಗ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ಆಡುತ್ತಿದ್ದವನು ಓಡಿಬಂದು, “ತಾತ, ಗಾಡಿ ಕಚ್ಚುತ್ತೆ” ಎಂದ. ನಾನು ನಕ್ಕು, “ಗಾಡಿ ಎಲ್ಲಾದರೂ ಕಚ್ಚುತ್ತದೆಯೇ ಮರಿ, ಇರುವೆ ಇರಬೇಕು ನೋಡು” ಎಂದೆ. ಪರೀಕ್ಷೆಗೆಂದು ನಾನೇ ಹೋಗಿ ಬಾಗಿಲ ಹಿಡಿಯನ್ನು ಮುಟ್ಟಿದೆ. ಏನೂ ಆಗಲಿಲ್ಲ. ನನ್ನ ಕಾಲಿನಲ್ಲಿ ರಬ್ಬರ್ ಅಟ್ಟೆಯ ಜೋಡು ಇತ್ತೆಂಬುದು ಆಗ ನನಗೆ ಹೊಳೆಯಲಿಲ್ಲ. ಜೀವಮಾನವೆಲ್ಲ ಮಾತಿನ ಅರ್ಥವನ್ನು ಹುಡುಗರಿಗೆ ಬಿಡಿಸಿ ಹೇಳಿದ ನಾನು, ಮಗುವಿನ ಮೂರು ಪದದ ವಾಕ್ಯವನ್ನು ಅರ್ಥ ಮಾಡಿಕೊಳ್ಳಲಿಲ್ಲ. ಈಗಲೂ ಇದನ್ನು ನೆನೆದರೆ ಮೈ ನಡುಗುತ್ತದೆ.

ಎರಡು ದಿನ ಗಾಡಿ ಹೀಗೆಯೇ ಜೋಡಣೆಯಲ್ಲಿತ್ತು. ಬ್ಯಾಟರಿ ತುಂಬಿರಬೇಕೆಂದು ಎಣಿಸಿ, ಹತ್ತಿರದ ಕಾಡಿನಲ್ಲಿ ವಿದ್ಯುತ್ ಕಂಬವಿಲ್ಲದ ಜಾಗದಲ್ಲಿ ಒಂದು ರಾತ್ರಿ ಪರೀಕ್ಷಾರ್ಥವಾಗಿ ತಂಗಿದೆವು. ಹತ್ತು ಗಂಟೆಗೆಲ್ಲ ದೀಪಗಳು ಮಂಕಾದವು. ನಡುರಾತ್ರಿಯ ಚಳಿಯಲ್ಲಿ ಕುಲುಮೆ ನಿಂತಿತು. ಬೆಳಗ್ಗೆ ಮರಳಿ ಬಂದವರೇ ಅಳಿಯಂದಿರು ಅಂಗಡಿಗೆ ಹೋಗಿ ಹೊಸ ಬ್ಯಾಟರಿ ತಂದು ಹಾಕಿದರು. ಮನೆಯ ಮುಂದೆ ಜೋಡಣೆಯಲ್ಲಿದ್ದಂತೆಯೇ ಎರಡು ದಿನಗಳಲ್ಲಿ ಅದೂ ಸೊರಗಿತು. ಆಗ ಪಕ್ಕದ ಮನೆಯ ವೃದ್ಧರೊಬ್ಬರನ್ನು ಕರೆದರು. ನಲವತ್ತು ವರ್ಷ ವಿದ್ಯುತ್ ಕೆಲಸ ಮಾಡಿ ನಿವೃತ್ತರಾದವರು ಅವರು.

ಆ ಹಿರಿಯರು ಬ್ಯಾಟರಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಮೊದಲು ಕೇಳಿದ್ದು, “ವೈರಿನ ಇನ್ನೊಂದು ತುದಿ ಎಲ್ಲಿದೆ?” ಎಂದು. ಕಿಟಕಿಯನ್ನು ತೋರಿಸಿದೆವು. ಅಷ್ಟರಲ್ಲಿ ಮೊಮ್ಮಗ ತನ್ನ ಹಳೆಯ ದೂರನ್ನು ಇಂಗ್ಲಿಷಿನಲ್ಲಿ ಅವರ ಮುಂದೆಯೂ ಒಪ್ಪಿಸಿದ. ಅವರ ಮುಖ ಗಂಭೀರವಾಯಿತು. ಮಗುವನ್ನು ದೂರ ಕಳುಹಿಸಿ, ಒದ್ದೆ ನೆಲಕ್ಕೆ ಒಂದು ಉದ್ದನೆಯ ಸ್ಕ್ರೂಡ್ರೈವರು ಚುಚ್ಚಿ, ಮೀಟರಿನ ಒಂದು ತಂತಿಯನ್ನು ಅದಕ್ಕೂ ಇನ್ನೊಂದನ್ನು ಗಾಡಿಯ ಲೋಹದ ಮೈಗೂ ತಾಕಿಸಿದರು. ಮೀಟರು ಎಂಬತ್ತಕ್ಕೂ ಮೇಲ್ಪಟ್ಟು ವೋಲ್ಟು ತೋರಿಸಿತು. ತಕ್ಷಣವೇ ಮನೆಯೊಳಗೆ ಹೋಗಿ ಬ್ರೇಕರು ಆರಿಸಿ, ಪ್ಲಗ್ಗು ಕಿತ್ತು, ಎರಡು ತೂತಿನ ಆ ಸಾಧನವನ್ನು ಅಳಿಯಂದಿರ ಅಂಗೈಯಲ್ಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಡೆದದ್ದೇನೆಂಬುದನ್ನು ಅವರು ವಿವರಿಸಿದರು. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಎರಡು ಕೆಲಸಕ್ಕೆ, ಒಂದು ಕಾವಲಿಗೆ. ಒಂದರಿಂದ ವಿದ್ಯುತ್ತು ಬರುತ್ತದೆ, ಇನ್ನೊಂದರಿಂದ ಮರಳುತ್ತದೆ. ಮೂರನೆಯದು ಭೂಸಂಪರ್ಕದ ಕಡ್ಡಿ; ನಾವು ಅರ್ಥ್ ಎನ್ನುತ್ತೇವೆ. ಎಲ್ಲವೂ ಸರಿಯಾಗಿರುವಾಗ ಅದರಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಆದ್ದರಿಂದಲೇ ಅದನ್ನು ಕತ್ತರಿಸಿದರೂ ದೀಪ ಉರಿಯುತ್ತದೆ, ಒಲೆ ಕಾಯುತ್ತದೆ. ಒಳಗೆಲ್ಲಾದರೂ ವಿದ್ಯುತ್ತು ಸೋರಿ ಲೋಹದ ಮೈಗೆ ತಗಲಿದಾಗ ಮಾತ್ರ, ಅದನ್ನು ಸುರಕ್ಷಿತವಾಗಿ ಒಯ್ಯಲು ಈ ಮೂರನೆಯ ದಾರಿ ಬೇಕು. ಮೋಟಾರುಮನೆ ನಿಂತಿರುವುದು ರಬ್ಬರ್ ಚಕ್ರಗಳ ಮೇಲೆ. ನೆಲಕ್ಕೂ ಅದಕ್ಕೂ ಬೇರೆ ಸಂಪರ್ಕವಿಲ್ಲ. ಮೂರನೆಯ ದಾರಿ ಮುಚ್ಚಿದಾಗ ಸೋರಿದ ವಿದ್ಯುತ್ತು ಗಾಡಿಯ ಮೈಯೆಲ್ಲ ಹರಡಿ, ಇಳಿಯಲು ದಾರಿ ಕಾಯುತ್ತಾ ಕೂರುತ್ತದೆ. ಒದ್ದೆ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಂತು ಹಿಡಿಯನ್ನು ಮುಟ್ಟಿದ ಮಗುವೇ ಆ ದಾರಿಯಾಗುತ್ತದೆ.

ಹಾಗಾದರೆ ಕೊಟ್ಟಿಗೆಯ ಸಾಕೆಟ್ಟು ಮೇಲಿಂದ ಮೇಲೆ ಬಿದ್ದದ್ದೇಕೆ? ಅದು ಸೋರಿಕೆಯನ್ನು ಹಿಡಿಯುವ ಸಾಕೆಟ್ಟು. ಅದರ ಕೆಲಸ ನಮ್ಮ ಹಳೆಯ ಶಾನುಭೋಗರ ಕೆಲಸ: ಹೋದ ಲೆಕ್ಕ, ಬಂದ ಲೆಕ್ಕ ತಾಳೆ ನೋಡುವುದು. ಒಂದು ತಂತಿಯಲ್ಲಿ ಹೋದ ವಿದ್ಯುತ್ತು ಇನ್ನೊಂದರಲ್ಲಿ ಅಷ್ಟೇ ಮರಳಬೇಕು. ಸುಮಾರು ಐದು ಮಿಲಿ ಆಂಪಿಯರಿನಷ್ಟು, ಎಂದರೆ ಒಂದು ಆಂಪಿಯರಿನ ಇನ್ನೂರರಲ್ಲೊಂದು ಪಾಲಿನಷ್ಟು ವ್ಯತ್ಯಾಸ ಬಂದರೂ, ಕಣ್ಣು ಮಿಟುಕಿಸುವುದರೊಳಗೆ ಸರಬರಾಜನ್ನು ಕಡಿದುಹಾಕುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯೆಲ್ ಎಂಬಾತ 1961ರಲ್ಲಿ ಇದನ್ನು ರೂಪಿಸಿದ. ವಿದ್ಯುತ್ತಿನ ಆಘಾತ ಮನುಷ್ಯನ ದೇಹಕ್ಕೆ ಏನು ಮಾಡುತ್ತದೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿದವನು ಆತ. ಒಂದು ಮಿಲಿ ಆಂಪಿಯರಿನ ಹರಿವು ಜುಂ ಎನ್ನಿಸುತ್ತದೆ. ಹತ್ತು ಹದಿನಾರರ ಹೊತ್ತಿಗೆ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲು ಸಾಮಾನ್ಯ ಮನುಷ್ಯನಿಗೆ ಆಗದೆ ಹೋಗುತ್ತದೆ. ಅದಕ್ಕೂ ಹಲವು ಪಟ್ಟು ಹೆಚ್ಚಿದರೆ ಹೃದಯದ ಬಡಿತ ತಪ್ಪುತ್ತದೆ. ಮಿಲಿ ಆಂಪಿಯರುಗಳ ಈ ಸಣ್ಣ ಅಂತರದಲ್ಲಿಯೇ ಜೀವ ಸಾವುಗಳ ನಿರ್ಣಯ. ನಾವು ‘ಬಹಳ ಸೂಕ್ಷ್ಮ’ ಎಂದು ಹಳಿದ ಸಾಕೆಟ್ಟು ಸತ್ಯವನ್ನೇ ನುಡಿಯುತ್ತಿತ್ತು. ನಾವು ಮಾಡಿದ್ದೇನು? ಸುಳ್ಳು ಹೇಳದ ಸಾಕ್ಷಿಯನ್ನು ಬಿಟ್ಟು, ಬಾಯಿಲ್ಲದ ಸಾಕ್ಷಿಯನ್ನು ಹುಡುಕಿಕೊಂಡು ಹೋದೆವು.

ಸೋರಿಕೆಯ ಮೂಲವನ್ನು ಅವರು ಕಂಡುಹಿಡಿದ ರೀತಿ ನನಗೆ ಬಹಳ ಹಿಡಿಸಿತು. ಗಾಡಿಯ ಒಳಗಿನ ಬ್ರೇಕರುಗಳನ್ನೆಲ್ಲ ಆರಿಸಿ, ಕೊಟ್ಟಿಗೆಯ ಸಾಕೆಟ್ಟಿಗೆ ಮೂರು ಕಡ್ಡಿಯ ಪ್ಲಗ್ಗನ್ನೇ ಜೋಡಿಸಿದರು. ಸಾಕೆಟ್ಟು ಬೀಳಲಿಲ್ಲ, ಎಂದರೆ ವೈರು ಅಡಾಪ್ಟರುಗಳು ನಿರಪರಾಧಿಗಳು. ಆಮೇಲೆ ಒಂದೊಂದೇ ಬ್ರೇಕರನ್ನು ಹಾಕುತ್ತ ಬಂದರು. ಕನ್ವರ್ಟರ್, ಸಾಕೆಟ್ಟುಗಳು, ಮೈಕ್ರೋವೇವ್, ಏನೂ ಆಗಲಿಲ್ಲ. ಬಿಸಿನೀರಿನ ಬ್ರೇಕರು ಹಾಕಿದೊಡನೆ ಟಕ್ಕೆಂದಿತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯಬಾರದೆಂದು ತೊಟ್ಟಿಯನ್ನು ಬಸಿದಿಡುತ್ತಾರೆ. ನಮ್ಮ ಗಾಡಿಯಲ್ಲಿ ಎಲಿಮೆಂಟಿನ ಸ್ವಿಚ್ಚು ಹಿಂದಿನ ವರ್ಷದಿಂದ ಹಾಕಿದಂತೆಯೇ ಇತ್ತು. ಗಾಡಿ ಇರಿಸಿದ್ದ ಜಾಗದಲ್ಲಿ ಅಳಿಯಂದಿರು ಒಮ್ಮೆ ವಿದ್ಯುತ್ತು ಕೊಟ್ಟು ನೋಡಿದ್ದರಂತೆ. ಖಾಲಿ ತೊಟ್ಟಿಯಲ್ಲಿ ಎಲಿಮೆಂಟು ಕೆಂಪಗೆ ಕಾದು, ಅದರ ಕವಚ ಸೀಳಿಹೋಗಿತ್ತು. ಮನೆಗೆ ತಂದು ನೀರು ತುಂಬಿಸಿದ ಮೇಲೆ ಆ ಸೀಳಿನಿಂದ ನೀರಿಗೂ, ನೀರಿನಿಂದ ತೊಟ್ಟಿಗೂ, ತೊಟ್ಟಿಯಿಂದ ಗಾಡಿಯ ಮೈಗೂ ವಿದ್ಯುತ್ತು ಸೋರತೊಡಗಿತ್ತು. ಬಿಸಿನೀರನ್ನು ಗ್ಯಾಸಿನಿಂದಲೂ ಕಾಯಿಸಿಕೊಳ್ಳಬಹುದಾದ ಕಾರಣ ಎಲಿಮೆಂಟು ಕೆಟ್ಟದ್ದು ಯಾರಿಗೂ ತಿಳಿದಿರಲಿಲ್ಲ. ಸೋರಿಕೆ ಇನ್ನೂ ಸಣ್ಣದಿದ್ದಾಗಲೇ ಹುಡುಗ ಮುಟ್ಟಿದ್ದ. ಸೀಳು ಅಗಲವಾದ ಮೇಲೆ ಮುಟ್ಟಿದ್ದರೆ ಎಂಬ ಪ್ರಶ್ನೆಯನ್ನು ನಾವ್ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಎಲಿಮೆಂಟಿನ ತಂತಿಗಳನ್ನು ಬಿಡಿಸಿಟ್ಟು, ಮೈಯಲ್ಲಿ ವೋಲ್ಟೇಜು ಇಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಅವರು ಬ್ಯಾಟರಿಯ ಹತ್ತಿರ ಹೋದದ್ದು. ಮೊದಲು ಜೀವ, ಆಮೇಲೆ ಅನುಕೂಲ. ಈ ಕ್ರಮವನ್ನು ಎಂದಿಗೂ ತಿರುಗುಮುರುಗು ಮಾಡಬಾರದು.

ಬ್ಯಾಟರಿಯ ವಿಚಾರವನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಸೀಸ ಮತ್ತು ಆಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ಕಂಡುಹಿಡಿದ. ಅದರೊಳಗೆ ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈ ಆಕ್ಸೈಡು. ನಡುವೆ ನೀರು ಬೆರೆತ ಗಂಧಕಾಮ್ಲ. ಶಕ್ತಿಯನ್ನು ಕೊಡುತ್ತ ಹೋದಂತೆ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂರುತ್ತದೆ. ತುಂಬಿಸಿದಾಗ ಅದು ಕರಗಿ ಫಲಕಗಳು ಮೊದಲಿನಂತಾಗುತ್ತವೆ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸಲ್ಫೇಟು ಗಟ್ಟಿಯಾಗಿ ಮತ್ತೆ ಕರಗದು. ಬ್ಯಾಟರಿ ಸಾಯುವುದು ಬಹುಮಟ್ಟಿಗೆ ದುಡಿದು ಅಲ್ಲ, ಹಸಿದು.

ಅದರ ಹೊಟ್ಟೆ ತುಂಬಿದೆಯೇ ಎಂದು ತಿಳಿಯಲು ಮೀಟರೊಂದು ಸಾಕು. ತುಂಬಿಸುವುದನ್ನು ನಿಲ್ಲಿಸಿ, ದೀಪಗಳನ್ನೆಲ್ಲ ಆರಿಸಿ, ಕೆಲವು ಗಂಟೆ ವಿಶ್ರಾಂತಿ ಕೊಟ್ಟು ಅಳೆದಾಗ 12.6 ಅಥವಾ 12.7 ವೋಲ್ಟು ಕಂಡರೆ ಪೂರ್ತಿ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿಳಿದರೆ ಬಹುತೇಕ ಬರಿದು. ತುಂಬಿಸುತ್ತಿರುವಾಗ ಅಳೆಯುವುದು ಬೇರೊಂದು ಪರೀಕ್ಷೆ. ಆಗ ಬ್ಯಾಟರಿಯ ತುದಿಗಳಲ್ಲಿ 13ಕ್ಕಿಂತ ಮೇಲೆ, ಸಾಮಾನ್ಯವಾಗಿ 13.2ರಿಂದ 14.4ರ ನಡುವೆ ಕಾಣಬೇಕು. ಬೇರೆ ಕಡೆಯಿಂದ ಒತ್ತಿ ಬರುವ ನೀರು ಮಾತ್ರ ಕೆರೆಯ ಮಟ್ಟವನ್ನು ಏರಿಸಬಲ್ಲದು, ಹಾಗೆಯೇ ಇದು.

ಹಿರಿಯರು ಜೋಡಣೆಯಿರುವಾಗಲೇ ಅಳೆದರು. ಮೀಟರು 12.1 ಎಂದಿತು. ಒಂದು ದೀಪ ಹಾಕಿದೊಡನೆ ಇನ್ನೂ ಇಳಿಯಿತು. ಎಂದರೆ ಮನೆಯ ವಿದ್ಯುತ್ತು ಗಾಡಿಗೆ ಬರುತ್ತಿದ್ದರೂ ಬ್ಯಾಟರಿಗೆ ಒಂದು ಹನಿಯೂ ಸೇರುತ್ತಿರಲಿಲ್ಲ. ನಾವು ನೋಡಿ ಸಂತೋಷಪಟ್ಟ ದೀಪಗಳು ಉರಿಯುತ್ತಿದ್ದದ್ದು ಮನೆಯ ವಿದ್ಯುತ್ತಿನಿಂದಲ್ಲ, ಬ್ಯಾಟರಿಯ ಗಂಟಿನಿಂದ. ಸಂಪಾದನೆಯಿಲ್ಲದ ಮನೆಯಲ್ಲಿ ಇಟ್ಟ ಒಡವೆ ಮಾರಿ ಹಬ್ಬ ಮಾಡಿದಂತೆ. ಹಬ್ಬದ ಊಟ ಸೊಗಸಾಗಿಯೇ ಇರುತ್ತದೆ. ಒಡವೆ ಮುಗಿದ ದಿನ ಗುಟ್ಟು ಹೊರಬೀಳುತ್ತದೆ.

ದೋಷವಿದ್ದದ್ದು ಬಹಳ ಸಣ್ಣ ಕಡೆ. ಕನ್ವರ್ಟರಿನ ಬಳಿ ಎರಡು ಫ್ಯೂಸುಗಳಿರುತ್ತವೆ. ಬ್ಯಾಟರಿಯ ಧನ ಋಣ ತುದಿಗಳನ್ನು ಅದಲುಬದಲಾಗಿ ಜೋಡಿಸಿದರೆ ತಾವು ಕರಗಿ ಯಂತ್ರವನ್ನು ಉಳಿಸುವುದು ಅವುಗಳ ಧರ್ಮ. ನಮ್ಮ ಗಾಡಿಯಲ್ಲಿ ಎರಡೂ ಕರಗಿದ್ದವು. ಚಳಿಗಾಲಕ್ಕೆ ಬಿಚ್ಚಿ ನೆಲಮಾಳಿಗೆಯಲ್ಲಿಟ್ಟಿದ್ದ ಬ್ಯಾಟರಿಯನ್ನು ಮರಳಿ ಜೋಡಿಸುವಾಗ ಒಂದು ಕಿಡಿ ಹಾರಿದ್ದು ಅಳಿಯಂದಿರಿಗೆ ಆಗ ನೆನಪಾಯಿತು. ತಪ್ಪು ತಿಳಿದು ಕೂಡಲೇ ತಂತಿಗಳನ್ನು ಸರಿಪಡಿಸಿದ್ದರು. ಆ ಕ್ಷಣದಲ್ಲೇ ಫ್ಯೂಸುಗಳು ತಮ್ಮ ಕೆಲಸ ಮುಗಿಸಿದ್ದವು. ಇದಕ್ಕೆ ಅವರನ್ನಷ್ಟೇ ದೂರುವಂತಿಲ್ಲ. ಕಾರಿನಲ್ಲಿ ಕಪ್ಪು ತಂತಿ ಋಣಕ್ಕೆ ಸಲ್ಲುತ್ತದೆ. ಇಂಥ ಹಲವು ಗಾಡಿಗಳ 12 ವೋಲ್ಟಿನ ವೈರಿಂಗಿನಲ್ಲಿ ಕಪ್ಪು ಧನಕ್ಕೂ ಬಿಳಿ ಋಣಕ್ಕೂ ಸಲ್ಲುತ್ತದೆ. ಬಣ್ಣವನ್ನು ನಂಬಿ ಜೋಡಿಸಿದವರು ಎಡವುವುದು ಸಹಜ. ಬಿಚ್ಚುವ ಮುನ್ನ ತಂತಿಗೊಂದು ಚೀಟಿ ಕಟ್ಟಿಡುವುದೇ ಇದಕ್ಕೆ ಮದ್ದು. ಅಲ್ಪ ಬೆಲೆಯ ಎರಡು ಫ್ಯೂಸು ಬದಲಾಯಿಸಿದೊಡನೆ ಮೀಟರು 13.6ಕ್ಕೆ ಏರಿತು. ಹಳೆಯ ಬ್ಯಾಟರಿಯನ್ನು ಕೂಡ ತುಂಬಿಸಿ ನೋಡಿದರು. ಅದೂ ಚೆನ್ನಾಗಿಯೇ ಇತ್ತು! ಹೊಸದಕ್ಕೆ ಕೊಟ್ಟ ಹಣ ಅವಸರಕ್ಕೆ ತೆತ್ತ ದಂಡ.

ಇದಕ್ಕೆ ಪ್ರತಿಯಾದ ಇನ್ನೊಂದು ಮೋಸವೂ ಉಂಟೆಂದು ಅವರು ಹೇಳಿದರು. ಗಾಡಿಯನ್ನು ಬಹುಕಾಲ ನಿಲ್ಲಿಸುವಾಗ ಬ್ಯಾಟರಿಯನ್ನು ಕಡಿದಿಡಲು ಬಾಗಿಲ ಬಳಿ ಒಂದು ಸ್ವಿಚ್ಚಿರುತ್ತದೆ. ಅದನ್ನು ಮರಳಿ ಹಾಕಲು ಮರೆತರೆ, ಅನೇಕ ಗಾಡಿಗಳಲ್ಲಿ ಕನ್ವರ್ಟರ್ ದೀಪಗಳನ್ನು ತಾನೇ ಉರಿಸುತ್ತದೆ, ಬ್ಯಾಟರಿಗೆ ಮಾತ್ರ ಏನೂ ತಲುಪುವುದಿಲ್ಲ. ಕಾರಣ ಬೇರೆ, ಮೋಸ ಒಂದೇ: ಎರಡು ಸಂದರ್ಭಗಳಲ್ಲೂ ದೀಪ ಉರಿಯುತ್ತಿರುತ್ತದೆ.

ಆದುದರಿಂದ ಇಂಥ ತೊಂದರೆ ಬಂದಾಗ ಊಹೆಯನ್ನು ಬದಿಗಿಟ್ಟು, ನೀರಿನ ಕಾಲುವೆಯನ್ನು ತೂಬಿನಿಂದ ಗದ್ದೆಯವರೆಗೆ ನಡೆದು ನೋಡುವಂತೆ ಕ್ರಮವಾಗಿ ನೋಡಬೇಕು. ಮೊದಲು ಮನೆಯ ಸಾಕೆಟ್ಟು: 120 ವೋಲ್ಟು ಇದೆಯೇ, ಮೂರು ತಂತಿಗಳೂ ತಮ್ಮ ತಮ್ಮ ಸ್ಥಾನದಲ್ಲಿವೆಯೇ? ಮೂರು ಪುಟ್ಟ ದೀಪಗಳ ಅಗ್ಗದ ಪರೀಕ್ಷಕವೊಂದು ಇದನ್ನು ಬಹುಮಟ್ಟಿಗೆ ತಿಳಿಸುತ್ತದೆ. ಎರಡನೆಯದು, ವೈರು ಮತ್ತು ಅಡಾಪ್ಟರು: ಅರ್ಧ ಗಂಟೆಯ ಬಳಿಕ ಪ್ಲಗ್ಗು ಬಿಸಿಯಾಗಿದ್ದರೆ, ಕಪ್ಪಾಗಿದ್ದರೆ ಅದನ್ನು ಬಳಸಕೂಡದು. ಮೂರನೆಯದು, ಗಾಡಿಯ ಬ್ರೇಕರುಗಳು, ಮುಖ್ಯವಾಗಿ ಕನ್ವರ್ಟರಿನದು. ನಾಲ್ಕನೆಯದು, ಆ ಎರಡು ಫ್ಯೂಸುಗಳು. ಐದನೆಯದು, ಬ್ಯಾಟರಿ ಕಡಿಯುವ ಸ್ವಿಚ್ಚು. ಕಟ್ಟಕಡೆಗೆ ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಕಿಲುಬು, ಒಳಗಿನ ನೀರಿನ ಮಟ್ಟ, ಮತ್ತು ಬ್ಯಾಟರಿ. ನಾವಾದರೋ ಕೊನೆಯದನ್ನು ಮೊದಲು ಮಾಡಿದ್ದೆವು.

ಇನ್ನೆರಡು ಎಚ್ಚರಿಕೆಗಳನ್ನು ಸೇರಿಸಬೇಕು. ಮನೆಯಲ್ಲಿಯೇ 30 ಆಂಪಿಯರಿನ ದೊಡ್ಡ ಸಾಕೆಟ್ಟು ಹಾಕಿಸಿಕೊಳ್ಳುವವರು ಅಲ್ಲಿ ಅನೇಕರಿದ್ದಾರೆ. ಅದನ್ನು ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ಟೆಂದು ತಪ್ಪಾಗಿ ತಿಳಿದು 240 ವೋಲ್ಟು ಕೊಟ್ಟುಬಿಡುವ ಕೆಲಸಗಾರರೂ ಇದ್ದಾರೆ. ಜೋಡಿಸಿದ ಕ್ಷಣವೇ ಗಾಡಿಯ ಉಪಕರಣಗಳು ಸುಟ್ಟುಹೋಗುತ್ತವೆ. ಮೀಟರಿನಿಂದ ಅಳೆಯದೆ ಹೊಸ ಸಾಕೆಟ್ಟಿಗೆ ಪ್ಲಗ್ಗು ಸೇರಿಸಬಾರದು. ಎರಡನೆಯದಾಗಿ, ಈಚೆಗೆ ಲೀಥಿಯಂ ಬ್ಯಾಟರಿಗಳು ಬಳಕೆಗೆ ಬಂದಿವೆ. ಇವಕ್ಕೆ ನಾನು ಹೇಳಿದ ವೋಲ್ಟೇಜಿನ ಅಳತೆಗಳು ಹೊಂದುವುದಿಲ್ಲ. ಹಳೆಯ ಕನ್ವರ್ಟರ್ ಇವನ್ನು ಪೂರ್ತಿ ತುಂಬಿಸಲಾರದೆ ಹೋಗಬಹುದು. ಚಳಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ತಣ್ಣಗಾದ ಲೀಥಿಯಂ ಬ್ಯಾಟರಿಯನ್ನು ತುಂಬಿಸಿದರೆ ಅದು ಕೆಡುತ್ತದೆ. ಮಿಷಿಗನ್ನಿನಂಥ ಕಡೆ ಇದು ಸಣ್ಣ ಮಾತಲ್ಲ.

ಇಷ್ಟನ್ನೂ ಕೇಳಿ, ನಮಗೂ ಮೋಟಾರುಮನೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಊರಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ, ನನ್ನ ಮನೆಯ ಸಾಕೆಟ್ಟುಗಳನ್ನು ಸುತ್ತಿ ನೋಡಿದ್ದು. ಪ್ಲಗ್ಗಿಲ್ಲದ ಎರಡು ತಂತಿಗಳನ್ನು ತೂತಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸಿರುವುದನ್ನು ನಾವು ಮದುವೆ ಚಪ್ಪರಗಳಲ್ಲಿ, ಜಾತ್ರೆಯ ಅಂಗಡಿಗಳಲ್ಲಿ ಎಷ್ಟು ಸಲ ನೋಡಿಲ್ಲ! ಬಚ್ಚಲಿನ ಗೀಸರಿನ ನಲ್ಲಿ ಮುಟ್ಟಿದರೆ ಜುಂ ಎನ್ನುತ್ತದೆಂದು ಮನೆಯಾಕೆ ಹೇಳಿದರೆ, ಚಪ್ಪಲಿ ಹಾಕಿಕೊಂಡು ಸ್ನಾನ ಮಾಡೆನ್ನುವ ಯಜಮಾನರಿದ್ದಾರೆ. ನಮ್ಮ ಹೊಸ ಮನೆಗಳಲ್ಲಿಯೂ ಸೋರಿಕೆಯನ್ನು ಹಿಡಿಯುವ ಬ್ರೇಕರು ಬಂದಿದೆ. ಇಲ್ಲಿ ಅದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿಗೆ ಬೀಳುತ್ತದೆ. ಮಳೆಗಾಲದಲ್ಲಿ ಅದು ಎರಡು ಸಲ ಬಿದ್ದರೆ, “ಇದೊಂದು ಕಾಟ, ತೆಗೆದು ನೇರ ಕೊಡಪ್ಪ” ಎಂದು ಕೆಲಸದವನಿಗೆ ಹೇಳುವವರೂ ನಾವೇ. ಇನ್ವರ್ಟರ್ ಇದ್ದವರಿಗೂ ಇದೇ ಮಾತು. ಹಸಿರು ದೀಪ ಉರಿಯುತ್ತಿದೆಯೆಂದು ವರ್ಷಾನುಗಟ್ಟಲೆ ಬ್ಯಾಟರಿಯ ನೀರು ನೋಡದೆ, ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟು ಹೋದಾಗ ಮಕ್ಕಳನ್ನು ಕತ್ತಲಲ್ಲಿ ಕೂರಿಸುತ್ತೇವೆ.

ಈ ಕೆಲಸಗಳನ್ನೆಲ್ಲ ಮನೆಯವರೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಪೆಟ್ಟಿಗೆ ಬಿಚ್ಚುವುದು, ತಂತಿ ಮುಟ್ಟುವುದು ಬಲ್ಲವರ ಕೆಲಸ. ನಾವು ಮಾಡಬೇಕಾದದ್ದು ಕೇಳಿಸಿಕೊಳ್ಳುವುದು. ಟ್ರಿಪ್ ಆಗುವ ಸಾಕೆಟ್ಟು, ಬಿಸಿಯಾದ ಪ್ಲಗ್ಗು, ಮಂಕಾದ ದೀಪ, ಕೈಗೆ ಜುಂ ಎಂದ ನಲ್ಲಿ, ಇವು ಒಂದೊಂದೂ ನಮಗೆ ಏನನ್ನೋ ಹೇಳುತ್ತಿರುತ್ತವೆ. ಅವುಗಳ ಬಾಯಿ ಮುಚ್ಚಿಸುವುದು ಸುಲಭ, ಅರ್ಥ ಹುಡುಕುವುದು ಕಷ್ಟ. ಸುಲಭವಾದದ್ದನ್ನು ಮಾಡಿದ್ದರಿಂದ ಎರಡು ದಿನ, ಮತ್ತೆರಡು ದಿನ, ಒಂದು ಮಗು ಆಡುವ ಅಂಗಳದಲ್ಲಿ ನಾವು ಅಪಾಯವನ್ನು ನಿಲ್ಲಿಸಿಕೊಂಡಿದ್ದೆವು.

ಹೊಸ ಎಲಿಮೆಂಟು ಹಾಕಿಸಿ, ಒಂದು ವಾರ ತಡವಾಗಿ ನಾವು ಸುಪೀರಿಯರ್ ಸರೋವರಕ್ಕೆ ಹೋಗಿಬಂದೆವು. ಪ್ರತಿ ಸಂಜೆ ಗಾಡಿಯನ್ನು ಕಂಬಕ್ಕೆ ಜೋಡಿಸಿದ ಮೇಲೆ ಅಳಿಯಂದಿರು ಮೀಟರು ಹಿಡಿದು ನೆಲಕ್ಕೂ ಗಾಡಿಗೂ ಅಳೆದು, ಸೊನ್ನೆ ಕಂಡ ಬಳಿಕವೇ ಹುಡುಗನನ್ನು ಕೆಳಗಿಳಿಸುತ್ತಿದ್ದರು. ಅವನು ಪ್ರತಿ ಸಲವೂ ಬಂದು ನನಗೆ ವರದಿ ಒಪ್ಪಿಸುತ್ತಿದ್ದ: “ತಾತ, ಇವತ್ತು ಕಚ್ಚಲ್ಲ.” ನಾನು ಪ್ರತಿ ಸಲವೂ ಎದ್ದುನಿಂತು ಕೇಳಿಸಿಕೊಳ್ಳುತ್ತಿದ್ದೆ.